ಏಳನೆಯ ವರ್ಷದ ತೊಗರಿ

ನಾಗಲಗಿದ್ದ
9 ಜೂನ್ 2025

ಪ್ರೀತಿಯ ತಮ್ಮ ಶರಣಕುಮಾರನಿಗೆ ನಿನ್ನ ಅಕ್ಕ ಸುಮಿತ್ರಾಬಾಯಿ ಬರೆಯುವುದು.

ನಿಮ್ಮ ಮನೆಗೆ ಸಮಾಧಾನವಾಗಲಿ. ಯುಗಾದಿಯ ದಿನ ಫೋನಿನಲ್ಲಿ ಹೊಲದ ಮಾತು ಬಂದು ನಾವಿಬ್ಬರೂ ಒಟ್ಟಿಗೆ ಕೂಗಾಡಿದೆವು, ಯಾರ ಮಾತೂ ಯಾರಿಗೂ ಕೇಳಲಿಲ್ಲ. ಕೊನೆಗೆ ನಿನ್ನ ಹೆಂಡತಿ ಸ್ವರೂಪಾ ಫೋನ್ ಕಸಿದುಕೊಂಡು, "ಮೊಣಕಾಲು ನೋವು, ಮೊಮ್ಮಕ್ಕಳ ಸುದ್ದಿ ಇದ್ರ ಫೋನಿನ್ಯಾಗ ಮಾತಾಡ್ರಿ. ಹೊಲದ ಮಾತಿದ್ರ ಕಾಗದಾ ಬರೀರಿ" ಎಂದಳು. ಅವಳ ಮಾತಿನಂತೆ ಈ ಕಾಗದ.

ವಿಷಯ ಇಷ್ಟೇ. ಅಪ್ಪನ ಮೂರು ಎಕರೆಯನ್ನು ಈ ವರ್ಷ ನಾನು ಬಿತ್ತುವುದಿಲ್ಲ. ಅವ್ವ ತೀರಿಕೊಂಡ ಮೇಲೆ ಆರು ವರ್ಷ ಬಿತ್ತಿದೆ, ಆರು ಸಲ ತೊಗರಿ ರಾಶಿ ಮಾಡಿದೆ. ಇದು ಏಳನೆಯ ವರ್ಷ. ದೇವರು ಮೋಶೆಗೆ ಹೇಳಿದ ನಿಯಮ ನಿನಗೆ ಗೊತ್ತಿರಲಿಕ್ಕಿಲ್ಲ. ಆರು ವರ್ಷ ದುಡಿದ ಭೂಮಿಗೆ ಏಳನೆಯ ವರ್ಷ ವಿಶ್ರಾಂತಿ ಕೊಡಬೇಕು. ಬಿತ್ತುವಂತಿಲ್ಲ, ರಾಶಿ ಮಾಡುವಂತಿಲ್ಲ. ತಾನಾಗಿ ಹುಟ್ಟಿದ್ದನ್ನು ಹೊಲದವರು, ಕೂಲಿಯವರು, ದಾರಿಹೋಕರು, ದನಕರುಗಳು ಎಲ್ಲ ಕೂಡಿ ತಿನ್ನಬಹುದು. ನಿನ್ನ ಭಾವ ಇದ್ದಾಗ ಚರ್ಚಿನಲ್ಲಿ ಇದನ್ನು ಓದುತ್ತಿದ್ದರು. ನಾನು ತಲೆ ಬಾಗಿಸಿ ಕೇಳಿ, ಮನೆಗೆ ಬಂದು ಬಿತ್ತನೆಯ ಕಾಳು ಹಸನು ಮಾಡಲು ಕೂರುತ್ತಿದ್ದೆ. ಅವರು ಹೋಗಿ ನಾಲ್ಕು ವರ್ಷವಾಯಿತು. ಕೇಳಿದ್ದನ್ನು ಒಮ್ಮೆಯಾದರೂ ಮಾಡೋಣವೆಂದುಕೊಂಡಿದ್ದೇನೆ.

ಕುರಿ ಕಾಶಪ್ಪನಿಗೆ ಹೇಳಿದೆ. ಪ್ರತಿ ವರ್ಷ ರಾಶಿಯಾದ ಮೇಲೆ ನಮ್ಮ ಹೊಲದಲ್ಲಿ ನಾಲ್ಕು ದಿನ ಕುರಿ ತರುಬಿ ನಿಲ್ಲಿಸಿ ಗೊಬ್ಬರ ಮಾಡಿ ಹೋಗುತ್ತಾನಲ್ಲ, ಅವನೇ. "ಛಲೋ ಆತು ಬಿಡ್ರಿ ಅಕ್ಕಾರ. ಕುರಿನೂ ಒಂದೊಂದ್ ವರ್ಷ ಈಯಂಗಿಲ್ಲ, ನಾವು ಸುಮ್ಕಿರ್ತೀವಿ. ಭೂಮಿಗಿ ಮಾತ್ರ ಯಾರೂ ಕೇಳೇ ಇಲ್ಲ" ಎಂದ.

ಜನವರಿಗೆ ಎರಡು ಚೀಲ ಹಿಡಿದು ಬಸ್ ಇಳಿಯುವವನು ನೀನು. ಈ ಜನವರಿಗೆ ತೊಗರಿ ಇಲ್ಲವೆಂದು ಈಗಲೇ ತಿಳಿಸಿದ್ದೇನೆ, ಆಮೇಲೆ ಅನ್ನಬೇಡ.

ನಿನ್ನ ಅಕ್ಕ
ಸುಮಿತ್ರಾಬಾಯಿ

ತಾಂಡೂರು
18 ಜೂನ್ 2025

ಅಕ್ಕಾ, ಜೈ ಭೀಮ್.

ನೀನು ಕಳಿಸಿದ ಸಮಾಧಾನ ಒಂಬತ್ತು ದಿನಕ್ಕೆ ತಲುಪಿತು. ಅದು ಒಳಗೆ ಬಂದ ಬಾಗಿಲಿನಿಂದಲೇ ನನ್ನ ಸಮಾಧಾನ ಹೊರಗೆ ಹೋಯಿತು.

ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಹೊಲ ಕಳೆದುಕೊಂಡವರ ಕಥೆಗಳು ನನ್ನ ಹತ್ತಿರ ರಾಶಿ ಬಿದ್ದಿವೆ. ಯುದ್ಧದಲ್ಲಿ ಕಳೆದುಕೊಂಡವರಿದ್ದಾರೆ, ಜೂಜಿನಲ್ಲಿ ಕಳೆದುಕೊಂಡವರಿದ್ದಾರೆ. ಹೊಲಕ್ಕೆ ಸೂಟಿ ಕೊಟ್ಟು ಕಳೆದುಕೊಂಡವರು ಮಾತ್ರ ಇನ್ನೂ ಸಿಕ್ಕಿಲ್ಲ. ಆ ಅಧ್ಯಾಯಕ್ಕೆ ನಮ್ಮ ಮನೆತನ ಮೊದಲಾಗುವುದು ಬೇಡ.

ನಮ್ಮದು ಮೂರೇ ಎಕರೆ, ಎಕರೆಗೊಂದು ಧರ್ಮ. ಅಪ್ಪ ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಚರಗದ ನೈವೇದ್ಯ ಚೆಲ್ಲಿ ನಿಶ್ಚಿಂತನಾಗಿದ್ದ. ನೀನು ಭಾವನ ಕೈ ಹಿಡಿದು ಚರ್ಚಿಗೆ ಹೋದೆ. ನಾನು ಸ್ವರೂಪಾಳ ಕೈ ಹಿಡಿದು ಬುದ್ಧವಿಹಾರಕ್ಕೆ ಹೋದೆ. ಎಲ್ಲಿಗೂ ಹೋಗದೆ ಇದ್ದದ್ದು ಹೊಲ ಒಂದೇ. ಈಗ ಅದನ್ನೂ ದೀಕ್ಷೆಗೆ ಕರೆದುಕೊಂಡು ಹೊರಟಿದ್ದೀಯಾ?

ನಗೆಯ ಮಾತು ಬಿಡು. ಅದು ಕೊಂಡ ಹೊಲವಲ್ಲ, ಎಪ್ಪತ್ತೈದರಲ್ಲಿ ಸರಕಾರ ಅಪ್ಪ ಅಂಜಪ್ಪನ ಹೆಸರಿಗೆ ಕೊಟ್ಟ ಹೊಲ. ಮಾರುವಂತಿಲ್ಲ, ಮಕ್ಕಳು ಉಣ್ಣಬಹುದು. ಪಟ್ಟಾದ ಬೆನ್ನ ಮೇಲೆ ಶರತ್ತು ಇದೆ, ಉಳದೆ ಬಿಟ್ಟರೆ ವಾಪಸ್. ಅಪ್ಪ ಇದನ್ನು ನೂರು ಸಲ ಹೇಳಿದ್ದಾನೆ, ಜ್ವರ ಬಂದಾಗ ನೂರ ಒಂದನೆಯ ಸಲ. ಬೀಳು ಬಿಟ್ಟರೆ ಬೀಳುವವರು ನಾವು. ನಿನ್ನ ದೇವರು ಬಿಡು ಅನ್ನುತ್ತಾನೆ, ನಮ್ಮ ಸರಕಾರ ಬಿಟ್ಟರೆ ಹಿಡಿಯುತ್ತೇನೆ ಅನ್ನುತ್ತದೆ. ಇಬ್ಬರ ನಡುವೆ ನಿಂತು ನನಗೆ ದಿಕ್ಕು ತಿಳಿಯುತ್ತಿಲ್ಲ. ಪಟ್ಟಾ ಒಂದೇ, ಪಟ್ಟು ಎರಡು, ಪೆಟ್ಟು ಮಾತ್ರ ಇಬ್ಬರಿಗೂ.

ಮೊಣಕಾಲಿನ ಕಾರಣವಾದರೆ ಹೇಳು, ಟ್ರ್ಯಾಕ್ಟರಿಗೆ ನಾನು ಹೇಳುತ್ತೇನೆ.

ನಿನ್ನ
ಶರಣ

ನಾಗಲಗಿದ್ದ
1 ಜುಲೈ 2025

ತಮ್ಮನಿಗೆ ಸಮಾಧಾನ, ಅದು ಬಾಗಿಲಲ್ಲೇ ನಿಂತರೂ ಸರಿ.

ಮೊಣಕಾಲಿನ ಕಾರಣವಲ್ಲ. ಮೊಣಕಾಲಿನ ಸುದ್ದಿ ಫೋನಿನದು, ಇಲ್ಲಿ ತರಬೇಡ.

ಹೊಲವನ್ನು ಮಾರಬೇಡಿ ಎಂದು ದೇವರೂ ಹೇಳಿದ್ದಾನೆ. ಯಾಕೆಂದರೆ ಭೂಮಿ ಅವನದು, ನಾವು ಅವನ ಹತ್ತಿರ ಬಿಡಾರ ಹೂಡಿದ ಪರದೇಶಿಗಳು. ಸರಕಾರವೂ ಮಾರಬೇಡಿ ಎನ್ನುತ್ತದೆಂದು ನೀನು ಬರೆದದ್ದು ಓದಿ ನನಗೆ ಸಂತೋಷವಾಯಿತು. ಇಬ್ಬರ ಮಾತೂ ಒಂದೇ ಆಯಿತಲ್ಲ, ನಿನಗೆ ದಿಕ್ಕು ತಪ್ಪಿದ್ದು ಎಲ್ಲಿ?

ಉಳದಿದ್ದರೆ ವಾಪಸ್ ಎಂಬ ಶರತ್ತು ಮಾತ್ರ ನಾನು ನೋಡಿಲ್ಲ. ಅಪ್ಪ ಹೇಳುತ್ತಿದ್ದ ನಿಜ, ಆದರೆ ಅಪ್ಪನಿಗೆ ಓದು ಬರುತ್ತಿರಲಿಲ್ಲ. ಪಟ್ಟಾ ನಿನ್ನ ಹತ್ತಿರ ಇದೆ. ಅದನ್ನು ಕಳಿಸು. ಗಡಿಯ ಈಚೆ ಸರಕಾರಿ ಕಾಗದವೆಲ್ಲ ತೆಲುಗಿನಲ್ಲಿ. ಕಾಶಪ್ಪನ ಮಗಳು ನಾಗರತ್ನಾ ತೆಲುಗು ಚೆನ್ನಾಗಿ ಓದುತ್ತಾಳೆ, ಓದಿಸಿ ತಿಳಿದುಕೊಳ್ಳುತ್ತೇನೆ.

ಮಳೆ ಹದವಾಗಿದೆ. ಮಳೆಗಾಲದಲ್ಲಿ ಎಲ್ಲರ ಹೊಲದಲ್ಲೂ ಬೆಳೆ ಇರುವುದರಿಂದ ಕಾಶಪ್ಪನ ಕುರಿಗೆ ನಿಲ್ಲಲು ಜಾಗವಿರುವುದಿಲ್ಲ, ಗುಡ್ಡ ಗುಡ್ಡ ಅಲೆಯಬೇಕು. ಈ ಸಲ ನಮ್ಮ ಹೊಲದ ಕೆಳಗಿನ ಮಗ್ಗುಲಿಗೆ, ಬನ್ನಿಮರದ ಹತ್ತಿರ ತರುಬಿದ್ದಾನೆ. ಮೇಲಿನ ಮಗ್ಗುಲಿಗೆ ಹೋದ ವರ್ಷ ಉದುರಿದ ತೊಗರಿ ತಾನಾಗಿ ಹುಟ್ಟಿದೆ. ಅವನೇ ಮುಳ್ಳು ಕಡಿದು ತಂದು ಅದರ ಸುತ್ತ ಬೇಲಿ ಹಚ್ಚಿದ್ದಾನೆ. ಒಳ್ಳೆಯ ಮನುಷ್ಯ.

ಅಕ್ಕ

ತಾಂಡೂರು
12 ಜುಲೈ 2025

ಅಕ್ಕಾ,

ಪಟ್ಟಾ ಕಳಿಸುವುದಾಗದು. ಅದು ಗಾಜಿನ ಫ್ರೇಮಿನಲ್ಲಿದೆ, ಗಾಜು ಅಂಚೆಗೆ ಒಗ್ಗುವುದಿಲ್ಲ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಕಾಶಪ್ಪ ಕುರಿ ಹೊಡೆದುಕೊಂಡು ಬಂದ. ನಾಲ್ಕು ದಿನದ ಕುರಿ ಮಳೆಗಾಲವೆಲ್ಲ ನಿಲ್ಲಲು ಬಂತು. ಆಮೇಲೆ ಬೇಲಿ ಹಚ್ಚಿದ. ಈಗ ಅವನ ಮಗಳು ನಮ್ಮ ಪಟ್ಟಾ ಓದಬೇಕು. ಇದನ್ನು ನೀನು ಒಳ್ಳೆಯತನ ಎಂದು ಓದುತ್ತೀಯ. ನಾನು ಇದನ್ನೇ ರಾಜ್ಯವಿಸ್ತಾರ ಎಂದು ಹದಿನೇಳು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕುರಿ ಅವನವು, ಕುರಿ ಆಗುತ್ತಿರುವವರು ನಾವು.

ಕಾಶಪ್ಪ ಕೆಟ್ಟವನೆಂದು ಹೇಳುತ್ತಿಲ್ಲ. ಯಾರೂ ಕೆಟ್ಟವರಲ್ಲ, ಬೇಲಿ ಮಾತ್ರ ಕೆಟ್ಟದ್ದು.

ಇರಲಿ. ನಾನು ಒಂದು ಕಡೆ ವಿಚಾರಿಸುತ್ತೇನೆ. ನೀನು ಚಿಂತೆ ಮಾಡಬೇಡ, ಆ ಕೆಲಸ ನಾನು ಮಾಡುತ್ತಿದ್ದೇನೆ.

ಶರಣ

ನಾಗಲಗಿದ್ದ
6 ಆಗಸ್ಟ್ 2025

ತಮ್ಮನಿಗೆ,

ಸೋಮವಾರ ಗಿರ್ದಾವರ್ ಸಾಹೇಬರು ಮನೆಗೆ ಬಂದಿದ್ದರು. ಹೊಲ ಹೊಲ ತಿರುಗಿ ಯಾರ ಹೊಲ, ಏನು ಬೆಳೆ ಎಂದು ಬರೆದುಕೊಳ್ಳುವವರು. ನಮ್ಮ ಹೊಲದ ಮೇಲೆ ಯಾರೋ ದೂರು ಕೊಟ್ಟಿದ್ದಾರಂತೆ. ದೂರಿನಲ್ಲಿ ಎರಡು ಮಾತು. ಹೊಲ ಬೀಳು ಬಿದ್ದಿದೆ ಎಂಬುದು ಒಂದು. ಬೇರೆಯವರು ಕುರಿ ನಿಲ್ಲಿಸಿ ಬೇಲಿ ಹಾಕಿಕೊಂಡಿದ್ದಾರೆ ಎಂಬುದು ಇನ್ನೊಂದು. ಅಕ್ಟೋಬರ್ ಹತ್ತು, ಶುಕ್ರವಾರ, ಹೊಲಕ್ಕೇ ಬಂದು ನೋಡುತ್ತಾರೆ. ದೂರು ನಿಜವೆಂದು ಕಂಡರೆ ಹೊಲ ಸರಕಾರಕ್ಕೆ ಹೋಗಬಹುದು ಎಂದರು.

ಕೊಟ್ಟವರು ಯಾರೆಂದು ಕೇಳಿದೆ. "ಹೇಳಂಗಿಲ್ಲಮ್ಮ" ಎಂದರು. ಕಾಗದಗಳನ್ನು ಮಂಚದ ಮೇಲೆ ಇಟ್ಟು ಚಹಾ ಕುಡಿದರು. ನಾನು ಚಹಾ ಕೊಟ್ಟು ನಿಂತಿದ್ದೆ.

ಕಾಶಪ್ಪನಿಗೆ ಹೇಳಿದಾಗ ಅವನ ಮುಖ ಸಣ್ಣದಾಯಿತು. "ಯಾರ್ ಕೊಟ್ಟಾರ್ರಿ ಅಕ್ಕಾರ?" ಎಂದ. ಗೊತ್ತಿಲ್ಲ ಎಂದೆ.

ಇನ್ನೊಂದು. ಪಟ್ಟಾ ಮನೆಗೆ ಬಂದ ದಿನ ಅವ್ವ ಅದಕ್ಕೆ ಪೂಜೆ ಮಾಡಿ ಅರಿಶಿನದ ಹೆಬ್ಬೆಟ್ಟು ಒತ್ತಿದ್ದಳಲ್ಲ, ಬಲಗಡೆಯ ಮೂಲೆಯಲ್ಲಿ. ಅದು ಈಗಲೂ ಕಾಣುತ್ತದೆಯೇ? ಸುಮ್ಮನೆ ನೆನಪಾಯಿತು.

ಅಕ್ಕ

ತಾಂಡೂರು
16 ಆಗಸ್ಟ್ 2025

ಅಕ್ಕಾ,

ನಾನು ಹೇಳಲಿಲ್ಲವೇ?

ಎರಡು ದಿನ ಕುಳಿತು ವಿಚಾರ ಮಾಡಿ ದೂರು ಕೊಟ್ಟವನನ್ನು ಹಿಡಿದಿದ್ದೇನೆ. ಕಾಶಪ್ಪನೇ. ತನ್ನ ಮೇಲೆ ತಾನೇ ಯಾಕೆ ದೂರು ಕೊಡುತ್ತಾನೆ ಎಂದು ಸ್ವರೂಪಾ ನಕ್ಕಳು. ಅದರಲ್ಲೇ ಇರುವುದು ಚಮತ್ಕಾರ. ಗಿರ್ದಾವರ್ ಬರುತ್ತಾರೆ, ಕುರಿ ಕಾಣುತ್ತಾರೆ, ಬೇಲಿ ಕಾಣುತ್ತಾರೆ, ಸಾಗುವಳಿದಾರ ಕಾಶಪ್ಪ ಎಂದು ಬರೆಯುತ್ತಾರೆ. ಒಂದು ಸಲ ಪುಸ್ತಕದಲ್ಲಿ ಹೆಸರು ಕೂತರೆ ಏಳಿಸುವವರು ಯಾರು? ಅವನ ಮುಖ ಸಣ್ಣದಾದದ್ದು ನಾಟಕ. ಇತಿಹಾಸದಲ್ಲಿ ಮುಖ ದೊಡ್ಡದು ಮಾಡಿಕೊಂಡು ಯಾರೂ ರಾಜ್ಯ ಕಸಿದಿಲ್ಲ.

ನಾನೂ ಒಂದು ಕಡೆ ಬರವಣಿಗೆಯಲ್ಲಿ ವಿಚಾರಿಸಿದ್ದೇನೆ. ಜವಾಬು ಇನ್ನೂ ಬಂದಿಲ್ಲ.

ಅವ್ವನ ಹೆಬ್ಬೆಟ್ಟು ಇದೆ ಅಕ್ಕಾ. ಹೋದ ತಿಂಗಳು ಪಟ್ಟಾ ಜೆರಾಕ್ಸ್ ಮಾಡಿಸಿದೆ. ಫ್ರೇಮ್ ಬಿಚ್ಚಲು ಮನಸ್ಸಾಗದೆ ಗಾಜಿನ ಸಮೇತ ಬೋರಲು ಮಲಗಿಸಿದೆ. ಜೆರಾಕ್ಸಿನಲ್ಲೂ ಹೆಬ್ಬೆಟ್ಟು ಕಪ್ಪಗೆ ಮೂಡಿ ಬಂತು. ಅಂಗಡಿಯ ಹುಡುಗಿ "ಈ ಕಲೆ ಏನ್ರಿ ಸರ್" ಎಂದಳು. "ನಮ್ಮವ್ವ" ಎಂದೆ. ನಿನಗೂ ಇದೇ ಹೊತ್ತಿನಲ್ಲಿ ಅದು ನೆನಪಾಯಿತಲ್ಲ. ಒಂದೇ ಹೊಟ್ಟೆಯವರು ಅಂದರೆ ಹೀಗೆ.

ಕುರಿ ಹೊರಗೆ ಹಾಕು.

ಶರಣ

ತಾಂಡೂರು
24 ಸೆಪ್ಟೆಂಬರ್ 2025

ಅಕ್ಕಾ,

ಕಾಗದ ಬರೆದು ನಲವತ್ತು ದಿನ ಆಯಿತು. ಫೋನ್ ಮಾಡಿದರೆ "ಮೊಣಕಾಲು ಛಲೋ ಅದ" ಎನ್ನುತ್ತೀಯ. ಮೊಣಕಾಲು ಇಷ್ಟು ಚೆನ್ನಾಗಿರುವುದು ನನಗೆ ಭಯ ಹುಟ್ಟಿಸುತ್ತಿದೆ.

ಕಾಶಪ್ಪನಿಗೆ ಏನು ಹೇಳಿದೆ? ಕುರಿ ಹೋದವೇ? ನನ್ನ ಮೇಲೆ ಸಿಟ್ಟೇ? ಕಾಗದದ ಯಾವ ಸಾಲಿಗೆ ಸಿಟ್ಟು ಬಂತೆಂದು ಹುಡುಕುತ್ತಿದ್ದೇನೆ. ಜೋಕು ಹೆಚ್ಚಾಯಿತೇ ಎಂದು ಸ್ವರೂಪಾಳನ್ನು ಕೇಳಿದೆ. "ನಿಮ್ಮ ಜೋಕಿಗಿ ಯಾರೂ ಸಿಟ್ಟಾಗಂಗಿಲ್ಲ ಬಿಡ್ರಿ, ತಿಳಿಯಬೇಕಲ್ಲ ಮದ್ಲ" ಎಂದಳು.

ಒಂದು ಸಾಲು ಬರೆ. ಬೈದರೂ ಸರಿ.

ಶರಣ

ತಾಂಡೂರು
7 ಅಕ್ಟೋಬರ್ 2025

ಅಕ್ಕಾ,

ನಮ್ಮ ಮದುವೆಯಲ್ಲಿ ಭಾವ ಉಡುಗೊರೆಯಾಗಿ ಕೊಟ್ಟ ಕನ್ನಡ ಬೈಬಲ್ ನೆನಪಿದೆಯೇ? ಇಪ್ಪತ್ತನಾಲ್ಕು ವರ್ಷ ಅದು ನಮ್ಮ ಕಪಾಟಿನ ಮೇಲೆ ಪಟ್ಟಾದ ಫ್ರೇಮಿಗೆ ಬೆನ್ನು ಕೊಟ್ಟು ನಿಂತಿತ್ತು. ನಾನು ಓದಿರಲಿಲ್ಲ, ಆಸರೆ ಮಾತ್ರ ಪಡೆದಿದ್ದೆ. ನಿನ್ನ ಜೊತೆ ವಾದ ಗೆಲ್ಲಬೇಕೆಂದು ದಸರಾ ಸೂಟಿಯಲ್ಲಿ ಅದನ್ನು ಎಳೆದೆ. ಬೈಬಲ್ ಕೈಗೆ ಬಂತು, ಪಟ್ಟಾ ನೆಲಕ್ಕೆ ಬಂತು. ಗಾಜು ಚೂರಾಯಿತು.

ಗಾಜು ಗುಡಿಸುತ್ತಾ ಸ್ವರೂಪಾ ಹೇಳಿದಳು, "ಬೆನ್ನ ಮ್ಯಾಲ ಶರತ್ತು ಅದ ಅಂತ ಊರಿಗೆಲ್ಲ ಹೇಳ್ಕೋತ ತಿರಗ್ತೀರಿ. ಈಗರೆ ತಿರುವಿ ನೋಡ್ರಿ."

ತಿರುವಿ ನೋಡಿದೆ. ಹಳೆಯ ದಸ್ತಾವೇಜು ಓದುವುದು ಹೇಗೆಂದು ಮಕ್ಕಳಿಗೆ ಕಲಿಸುವವನು ನಾನು. ನನ್ನ ಮನೆಯ ದಸ್ತಾವೇಜಿನ ಬೆನ್ನನ್ನು ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಓದಿದೆ. ಕೊಟ್ಟ ಮೂರು ವರ್ಷದೊಳಗೆ ಸಾಗುವಳಿಗೆ ತರಬೇಕು ಎಂದಿದೆ. ಅಪ್ಪ ಅದನ್ನು ಮೊದಲ ಮಳೆಗೇ ತಂದಿದ್ದ. ಆಮೇಲೆ ಒಂದು ವರ್ಷ ಬೀಳು ಬಿಡುವುದರ ಬಗ್ಗೆ ಒಂದು ಅಕ್ಷರವಿಲ್ಲ. ಅಪ್ಪನ ಭಯವನ್ನು ನಾನು ಶರತ್ತು ಎಂದುಕೊಂಡಿದ್ದೆ.

ಆದರೆ ಕೊನೆಯಲ್ಲಿ ಇನ್ನೊಂದು ಸಾಲಿದೆ. ಹೊಲ ಬೇರೆಯವರ ಕೈಗೆ ಹೋದದ್ದು ಕಂಡುಬಂದರೆ, ಯಾವಾಗ ಬೇಕಾದರೂ ವಾಪಸ್.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಜುಲೈ ಹದಿನಾಲ್ಕರಂದು ನಾನು ಸೂಟಿ ಹಾಕಿ ನಿಮ್ಮ ಕಡೆಯ ತಹಶೀಲ್ ಆಫೀಸಿಗೆ ಬಂದಿದ್ದೆ. ಅಷ್ಟು ಹತ್ತಿರ ಬಂದು ಮನೆಗೆ ಬರಲಿಲ್ಲ. ಎರಡು ಪುಟದ ಅರ್ಜಿ ಕೊಟ್ಟೆ, ಬರೀ ವಿಚಾರಣೆ. ಹೊಲ ಒಂದು ವರ್ಷ ಬೀಳು ಬಿಟ್ಟಿದ್ದೇವೆ, ಅನ್ಯರ ಕುರಿಗಳು ತಂಗಿವೆ, ಬೇಲಿಯನ್ನೂ ಹಾಕಿದ್ದಾರೆ, ಇದರಿಂದ ಹಕ್ಕಿಗೆ ಬಾಧೆಯುಂಟೇ, ದಯವಿಟ್ಟು ತಿಳಿಸಬೇಕು ಎಂದು. ಸೋಮವಾರ ಅಲ್ಲಿ ದೂರು ತೆಗೆದುಕೊಳ್ಳುವ ದಿನ. ಜನ ಸಾಲಾಗಿ ನಿಂತಿದ್ದರು, ಯಾವ ಸಾಲು ಎಂದು ಕೇಳದೆ ನಾನೂ ನಿಂತೆ. ಬಾಗಿಲ ಮೇಲೆ ಬೋರ್ಡಿತ್ತು. ಓದಿದವನು ಬೋರ್ಡು ಓದುತ್ತಾನೆಯೇ? ನಿನ್ನೆ ಮತ್ತೆ ಹೋಗಿ ನೋಡಿದೆ. ದೂರಿನ ಪುಸ್ತಕದಲ್ಲಿ ದೂರುದಾರನ ಹೆಸರು ನನ್ನದೇ. ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ತಪಾಸಣೆಯ ತಾರೀಖು ಬಿದ್ದ ಮೇಲೆ ಆಗುವುದಿಲ್ಲ ಎಂದರು.

ಬೈಬಲ್ಲಿನಲ್ಲಿ ಪುಟ ತಿರುವುತ್ತಾ ನಾಬೋತನೆಂಬವನ ಕಥೆ ಸಿಕ್ಕಿತು. ಹಿರಿಯರ ದ್ರಾಕ್ಷಿತೋಟವನ್ನು ರಾಜನಿಗೆ ಕೊಡಲಾರೆ ಎಂದವನು. ರಾಣಿ ರಾಜನ ಹೆಸರಿನಲ್ಲಿ ಕಾಗದ ಬರೆದು ಅವನ ಮೇಲೆ ಸುಳ್ಳು ದೂರು ಹೊರಿಸಿದಳು. ತೋಟವೂ ಹೋಯಿತು, ಮನುಷ್ಯನೂ ಹೋದ. ಅಲ್ಲಿಯೂ ಕೆಡಿಸಿದ್ದು ಕಾಗದವೇ. ಅಷ್ಟಕ್ಕೆ ಪುಸ್ತಕ ಮುಚ್ಚಿದೆ.

ಶುಕ್ರವಾರದೊಳಗೆ ಕಾಶಪ್ಪನನ್ನು ಕುರಿ ಸಮೇತ ಕಳಿಸಿಬಿಡು. ಬೇಲಿ ಕಿತ್ತುಹಾಕು. ನಮ್ಮ ಕಾಗದ ಎಂಟೊಂಬತ್ತು ದಿನ ತೆಗೆದುಕೊಳ್ಳುತ್ತದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಮೂರು ಸಲ ಫೋನ್ ಮಾಡಿದೆ. ನೀನು ಹಲೋ ಎಂದ ಕೂಡಲೇ ಮೊಣಕಾಲು ಕೇಳಿ ಇಟ್ಟೆ.

ಶರಣ

ನಾಗಲಗಿದ್ದ
16 ಅಕ್ಟೋಬರ್ 2025

ತಮ್ಮನಿಗೆ,

ನಿನ್ನ ಕಾಗದ ನಿನ್ನೆ ಬಂತು. ತಪಾಸಣೆ ಆಗಿ ಐದು ದಿನವಾಗಿತ್ತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗಿರ್ದಾವರ್ ಸಾಹೇಬರು ಹತ್ತು ಗಂಟೆಗೆ ಬಂದರು. ಅವರು ತೆಲುಗಿನಲ್ಲಿ, ನಾನು ಕನ್ನಡದಲ್ಲಿ, ಕಾಶಪ್ಪ ಎರಡರಲ್ಲೂ ಮಾತಾಡಿದೆವು; ಎಲ್ಲವನ್ನೂ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಹೊಲ ನೋಡಿ ಮೊದಲು ಅವರೇ ಗಲಿಬಿಲಿಯಾದರು. ಬೀಳು ಎಂದು ದೂರು, ಮೇಲಿನ ಮಗ್ಗುಲಿಗೆ ಸೊಂಟದುದ್ದ ತೊಗರಿ ಹೂ ಬಿಟ್ಟು ನಿಂತಿದೆ. "ಬೀಳು ಎಲ್ಲದಮ್ಮ?" ಎಂದು ನನ್ನನ್ನೇ ಕೇಳಿದರು. "ನಾ ಬಿತ್ತಿಲ್ರಿ. ತಾನ ಹುಟ್ಟ್ಯಾದ" ಎಂದೆ. "ಯಾರ್ ಬಿತ್ಯಾರ ಅಂತ ನನ್ನ ಪುಸ್ತಕದಾಗ ಕೇಳಿಲ್ಲ. ಏನ್ ಬೆಳದದ ಅಂತ ಕೇಳ್ಯಾರ" ಎಂದು ತೊಗರಿ ಎಂದು ಬರೆದುಕೊಂಡರು.

ಆಮೇಲೆ ಎರಡನೆಯ ಮಾತು. ಕಾಶಪ್ಪನ ಕಡೆ ತಿರುಗಿದರು.

"ಬ್ಯಾಲಿ ಯಾರ್ ಹಚ್ಯಾರ?"

"ನಾನೇ ಹಚ್ಚೀನ್ರಿ ಸಾಹೇಬ್ರ."

"ಯಾಕ?"

"ನನ್ನ ಕುರಿ ಕಳ್ಳ ಕುರಿ ಅವ್ರಿ. ತೊಗರಿ ಕಂಡ್ರ ಬಿಡಂಗಿಲ್ಲ."

"ಅಂದ್ರ ತೊಗರಿ ನಿಂದು."

"ನಂದಾಗಿದ್ರ ಬ್ಯಾಲಿ ಯಾಕ್ ಹಚ್ತಿದ್ದೆರಿ? ಮೇಸ್ತಿದ್ದೆ."

ಸಾಹೇಬರು ಪುಸ್ತಕದ ಹಾಳೆ ತಿರುವಿದರು. "ನೋಡು, ನಾಕ್ ತಿಂಗಳು ಇಲ್ಲೇ ಅದಿ. ಗೊಬ್ಬರ ನಿಂದು, ಬ್ಯಾಲಿ ನಿಂದು. ಸಾಗುವಳಿದಾರ ಅಂತ ನಿನ್ನ ಹೆಸರು ಬರೀಲ್ಯಾ? ಹೌದಂದ್ರ ಬರೀತೀನಿ" ಎಂದರು.

ತಮ್ಮಾ, ನಿನ್ನ ಆಗಸ್ಟಿನ ಕಾಗದ ಒಳಗೆ ಎಲ್ಲೋ ಕೂತಿತ್ತು. ಅವನು ಹೌದು ಎಂದರೆ ನಮ್ಮ ಹೊಲ ಹೋಯಿತು, ಅದು ನನಗೂ ಗೊತ್ತಿತ್ತು. ಒಂದು ನಿಮಿಷ ನಾನೂ ಕಾಶಪ್ಪನ ಮೇಲೆ ಸಂಶಯಪಟ್ಟೆ.

"ಬರೀಬ್ಯಾಡ್ರಿ" ಎಂದ. "ನಾ ನಿಂತು ಹೋಗಾಂವ. ನಮ್ಮಪ್ಪನೂ ಇದೇ ಹೊಲದಾಗ ನಿಂತು ಹೋಗ್ಯಾನ. ನಿಂತು ಹೋಗಾವರ ಹೆಸರು ಪುಸ್ತಕದಾಗ ಹಾಕಿದ್ರ, ನಾಳಿ ಹೊಲದವರು ನಮಗ ನಿಲ್ಲಾಕ ಬಿಡ್ತಾರೇನ್ರಿ?"

ಸಾಹೇಬರು ನನ್ನ ಕಡೆ ತಿರುಗಿ, "ಮತ್ತ ನೀವು?" ಎಂದರು. ನನಗೆ ನಿನ್ನ ಭಾವ ಓದುತ್ತಿದ್ದದ್ದೇ ಬಾಯಿಗೆ ಬಂತು. "ನಾನೂ ನಿಂತು ಹೋಗಾಕಿನೇ ಸಾಹೇಬ್ರ. ಇವನಕಿಂತ ಒಂದೀಟು ಹೆಚ್ಚಿನ ದಿನ" ಎಂದೆ.

ಅವರು ಪೆನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, "ಯಾರರೆ ಒಬ್ಬರು ಹೌದನ್ರಿ. ಪುಸ್ತಕದಾಗ ಹೆಸರಿನ ಮನಿ ಖಾಲಿ ಬಿಟ್ರ ನನಗ ಬೈತಾರ" ಎಂದರು. ಕೊನೆಗೆ ಪಟ್ಟಾದ ಹೆಸರು ನೋಡಿ, ಅಂಜಪ್ಪನ ಮಕ್ಕಳು ಸುಮಿತ್ರಾಬಾಯಿ, ಶರಣಕುಮಾರ ಎಂದು ಬರೆದರು. ಕುರಿಗಳು ಗೊಬ್ಬರಕ್ಕಾಗಿ, ವರ್ಷದ ರೂಢಿಯಂತೆ. ದೂರಿನಲ್ಲಿ ಹುರುಳಿಲ್ಲ ಎಂದು ಮುಗಿಸಿದರು.

ನಿನ್ನ ಕಾಗದ ಮೊದಲೇ ಬಂದಿದ್ದರೆ ನಾನು ಹೆದರಿ ಕಾಶಪ್ಪನನ್ನು ಕಳಿಸುತ್ತಿದ್ದೆನೇನೋ. ಆಗ ಬೇಲಿಗೂ ಗೊಬ್ಬರಕ್ಕೂ ಜವಾಬು ಕೊಡುವವರು ಯಾರು?

ದೂರು ನಿನ್ನದೆಂದು ನನಗೆ ಆಗಸ್ಟಿನಲ್ಲೇ ಗೊತ್ತಿತ್ತು. ಮಂಚದ ಮೇಲಿನ ಕಾಗದಗಳಲ್ಲಿ ಪಟ್ಟಾದ ಜೆರಾಕ್ಸ್ ಇತ್ತು, ಮೂಲೆಯಲ್ಲಿ ಅವ್ವನ ಹೆಬ್ಬೆಟ್ಟು ಕಪ್ಪಗಿತ್ತು. ಅದಕ್ಕೇ ಹೆಬ್ಬೆಟ್ಟು ಕಾಣುತ್ತದೆಯೇ ಎಂದು ಕೇಳಿದೆ, ನೀನು ಜೆರಾಕ್ಸಿನ ಕಥೆಯನ್ನೇ ಬರೆದು ಕಳಿಸಿದೆ. ನಗಬೇಕೋ ಅಳಬೇಕೋ ತಿಳಿಯದೆ ಕಾಗದ ಬೈಬಲ್ಲಿನಲ್ಲಿ ಇಟ್ಟು ಸುಮ್ಮನಾದೆ. ನಿನ್ನ ಮಾತು ನಿನ್ನ ಕೈಯಿಂದಲೇ ಬರಲಿ ಎಂದು ಕಾದೆ.

ನಾನೂ ನಿನಗೊಂದು ಹೇಳಿಲ್ಲ. ಏಳನೆಯ ವರ್ಷ ಎಂದದ್ದು ನಿಜ. ಆದರೆ ಹೋದ ಸಲ ನೇಗಿಲ ಸಾಲಿನಲ್ಲಿ ಒಂದು ಎರೆಹುಳು ಕಾಣಲಿಲ್ಲ. ಮಣ್ಣು ಹಿಡಿದರೆ ಹೆಂಟೆ ಹೆಂಟೆ. ಮೂರು ವರ್ಷದಿಂದ ತೊಗರಿ ಕಡಿಮೆಯಾಗುತ್ತಾ ಬಂದಿತ್ತು. ನಿನ್ನ ಎರಡು ಚೀಲ ಕಡಿಮೆಯಾಗಬಾರದೆಂದು ನಾನು ಅಂಗಡಿಯ ಗೊಬ್ಬರ ಹೆಚ್ಚು ಹೆಚ್ಚು ಹಾಕಿದೆ. ದೇವರ ಭೂಮಿಯಿಂದ ಹಿಂಡಿ ತೆಗೆದು ನಿನ್ನ ಚೀಲ ತುಂಬಿದೆ. ಇದನ್ನು ಕಾಗದದಲ್ಲಿಯೂ ಹೇಳಲು ನಾಲ್ಕು ತಿಂಗಳು ಬೇಕಾಯಿತು.

ಅಕ್ಕ

ತಾಂಡೂರು
2 ನವೆಂಬರ್ 2025

ಅಕ್ಕಾ,

ನಿನ್ನ ಕಾಗದ ಓದಿ ಸ್ವರೂಪಾಳ ಕೈಗೆ ಕೊಟ್ಟೆ. ಅವಳು ಓದಿ, ಅಟ್ಟದ ಮೇಲಿನ ಎರಡು ಚೀಲ ತೆಗೆದು ಒಗೆದು ಬಿಸಿಲಿಗೆ ಹಾಕಿದಳು. ಎರಡು ದಿನದಿಂದ ಅವು ತಂತಿಯ ಮೇಲೆ ನೇತಾಡುತ್ತಾ ನನ್ನನ್ನೇ ನೋಡುತ್ತಿವೆ. ಒಂದು ಸಲವೂ ಅವುಗಳನ್ನು ಯಾರು, ಹೇಗೆ ತುಂಬುತ್ತಾರೆಂದು ನಾನು ಕೇಳಲಿಲ್ಲ. ಬಸ್ಸಿನಲ್ಲಿ ಸೀಟು ಸಿಗುತ್ತದೆಯೇ ಎಂಬುದೇ ನನ್ನ ಚಿಂತೆಯಾಗಿತ್ತು.

ಹೊಲ ಉಳಿಯಿತು. ಆದರೆ ಅದು ಯಾರದೆಂದು ನನಗೆ ಜೂನಿಗಿಂತ ಈಗ ಹೆಚ್ಚು ಗೊಂದಲ. ದೇವರು ನನ್ನದು ಅನ್ನುತ್ತಾನೆ. ಸರಕಾರ ನಾನು ಕೊಟ್ಟದ್ದು ಅನ್ನುತ್ತದೆ. ಪಟ್ಟಾದಲ್ಲಿ ಅಪ್ಪ, ಮೂಲೆಯಲ್ಲಿ ಅವ್ವ, ಪುಸ್ತಕದಲ್ಲಿ ನಾವಿಬ್ಬರು, ಮಣ್ಣಿನಲ್ಲಿ ಕಾಶಪ್ಪನ ಕುರಿಯ ಗೊಬ್ಬರ, ಹೌದು ಎನ್ನಬಹುದಾಗಿದ್ದವನು ಅಲ್ಲ ಎಂದ. ನಮ್ಮ ವಿಹಾರದಲ್ಲಿ ಯಾವುದೂ ನಿನ್ನದಲ್ಲ ಎಂದು ಹೇಳುವಾಗ ನಾನು ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸುತ್ತೇನೆ. ತಲೆ ಆಡಿಸಿ ಮನೆಗೆ ಬಂದು ಚೀಲ ಮಡಚಿ ಇಡುತ್ತೇನೆ.

ಪಟ್ಟಾಕ್ಕೆ ಗಾಜು ಹಾಕಿಸಿಲ್ಲ. ಬೈಬಲ್ಲಿನೊಳಗೆ ಇಟ್ಟಿದ್ದೇನೆ. ಎರಡೂ ಬೇಕಾದಾಗ ತಿರುವಿ ನೋಡಬಹುದು.

ಎರಡು ಪ್ರಶ್ನೆ. ದೂರು ಕೊಟ್ಟದ್ದು ನಾನೆಂದು ಕಾಶಪ್ಪನಿಗೆ ಹೇಳಿಬಿಟ್ಟೆಯಾ? ಹೇಳಿದ್ದರೆ ನನಗೊಂದು ಕೆಲಸ ತಪ್ಪಿತು. ಎರಡನೆಯದು, ತಾನಾಗಿ ಹುಟ್ಟಿದ್ದನ್ನು ಹೊಲದವರೂ ತಿನ್ನಬಹುದು ಎಂದು ನೀನೇ ಬರೆದಿದ್ದೆ. ಕಾಯಿ ತುಂಬಿದಾಗ ಬರಲೇ? ಚೀಲ ಒಂದೇ ತರುತ್ತೇನೆ, ಸಣ್ಣದು, ಸಂತೆಯ ಕೈಚೀಲ.

ಶರಣ

ನಾಗಲಗಿದ್ದ
8 ಡಿಸೆಂಬರ್ 2025

ತಮ್ಮಾ ಶರಣಾ,

ತೊಗರಿಕಾಯಿ ತುಂಬ್ಯಾವ. ನಿನ್ನೆ ಹಾದಿಯಲ್ಲಿ ಹೋಗುವ ಹೆಣ್ಣುಮಕ್ಕಳು ಮಡಿಲು ತುಂಬ ಹರಿದುಕೊಂಡು ತಿಂದರು. ಕಾಶಪ್ಪ ಒಂದು ಕಡೆ ಬೇಲಿ ಬಿಚ್ಚಿ ಕುರಿಗೂ ದಾರಿ ಕೊಟ್ಟಿದ್ದಾನೆ. ಗಿಳಿಗಳಿಗೆ ಯಾರೂ ಹೇಳಲಿಲ್ಲ, ಅವು ಮೊದಲೇ ಬಂದಿದ್ದವು. ಮಣ್ಣು ಕೆದರಿ ನೋಡಿದೆ, ಬನ್ನಿಮರದ ಮಗ್ಗುಲಿಗೆ ಎರೆಹುಳು ಅದಾವ.

ಕಾಶಪ್ಪನಿಗೆ ನಾ ಹೇಳಿಲ್ಲ. ಆಗಸ್ಟಿನ್ಯಾಗ ಗೊತ್ತಿಲ್ಲ ಅಂದಿದ್ದೆ, ಆ ಸುಳ್ಳು ಇನ್ನೂ ನನ್ನ ಮ್ಯಾಲ ಅದ. ನೀನೇ ಬಂದು ಹೇಳು, ಇಬ್ಬರದೂ ಇಳೀಲಿ. ಇಪ್ಪತ್ತೆರಡನೇ ತಾರೀಖು ಸೋಮವಾರದ ನಂತರ ಅಂವ ಕುರಿ ಹೊಡಕೊಂಡು ಬೊಮ್ರಾಸಪೇಟ್ ಕಡಿ ಹೋಗ್ತಾನ, ಮತ್ತ ಬರೋದು ಯಾವಾಗೋ. ಅದಕ್ಕಿಂತ ಮದ್ಲ ಬಾ. ಕಾಗದ ಬರೀಬ್ಯಾಡ, ಅದು ಮುಟ್ಟಾಕ ಒಂಬತ್ತು ದಿನ ಇಲ್ಲ. ಹೊಲದ ಮಾತಿದ್ರೂ ಅಡ್ಡಿ ಇಲ್ಲ, ಸ್ವರೂಪಾಗ ಕೇಳಿ ಫೋನ್ ಮಾಡು. ನಾನೇ ಮಾಡಬೇಕಂತಿದ್ದೆ, ಮೊಣಕಾಲಿನ ಮಾತೇ ಬಾಯಿಗಿ ಬಂತು.

ಹೊಲದಾಗೇ ಮೂರು ಕಲ್ಲು ಹೂಡಿ ಕಾಯಿ ಕುದಸ್ತೀನಿ. ನೀನು, ನಾನು, ಕಾಶಪ್ಪ ಕೂತು ತಿನ್ನೂನು. ಇನ್ನೊಬ್ಬರ ಹೊಲಕ್ಕ ಹೋದ್ರ ಹೊಟ್ಟಿ ತುಂಬ ತಿನ್ನಬಹುದು, ಪಾತ್ರಿಗಿ ಹಾಕ್ಕೊಂಡು ಒಯ್ಯಬಾರದು ಅಂತ ಮೋಶೆ ಹೇಳ್ಯಾನ. ಈ ವರ್ಷ ನಾವೆಲ್ಲ ಇನ್ನೊಬ್ಬರ ಹೊಲದಾಗೇ ಅದೀವಿ.

ಉಪ್ಪು ನನ್ನ ಹತ್ತಿರ ಅದ. ಕೈಚೀಲನೂ ತರಬ್ಯಾಡ.

ಅಕ್ಕ